ಮೇರಿಯಮ್ಮನ ಹೊಸ್ತಿಲು

ಗುಡೇಕೋಟೆಯ ಆಚೆ, ಕುರುಚಲು ಗುಡ್ಡದ ನೆತ್ತಿಯಲ್ಲಿ ಮೇರಿಯಮ್ಮನ ಇಗರ್ಜಿಯ ಗೋಡೆಗಳು ಮಾತ್ರ ನಿಂತಿದ್ದವು. ಹಿಂದೆ ದೂರದೂರದ ಯಾತ್ರಿಕರು ನಡೆದು ಬರುತ್ತಿದ್ದರಂತೆ. ಈಗ ಚಾವಣಿಯಿಲ್ಲ, ಗಂಟೆಯಿಲ್ಲ. ಒಳಗೆ ಸೀತಾಫಲದ ಗಿಡ ಎದ್ದಿದೆ. ಹರಕೆ ಹೊತ್ತವರು ಬರುವುದು ಮಾತ್ರ ನಿಂತಿಲ್ಲ.

ಸುಕನ್ಯಾ ಮಗಳನ್ನು ಎತ್ತಿಕೊಳ್ಳದೆ ನಡೆಸಿಯೇ ಗುಡ್ಡ ಹತ್ತಿಸಿದಳು. ಸಂಗೀತಾಳ ಬಲಪಾದ ಹುಟ್ಟಿನಿಂದ ಒಳಕ್ಕೆ ತಿರುಚಿತ್ತು. ಪ್ಲಾಸ್ಟರು, ಬೂಟು ಎಲ್ಲ ಮುಗಿದು ಪಾದವೇನೋ ನೆಟ್ಟಗಾಗಿತ್ತು. ಹುಡುಗಿ ಮಾತ್ರ ಇನ್ನೂ ಎಡಗಾಲನ್ನೇ ನಂಬುತ್ತಿದ್ದಳು. ಕೂಸು ತೊಟ್ಟಿಲಲ್ಲಿದ್ದಾಗಲೇ ಅತ್ತೆ ನೀಲಗಂಗಮ್ಮ ಇಲ್ಲಿ ಹರಕೆ ಹೊತ್ತಿದ್ದರು: ಮೊಮ್ಮಗಳು ಬಲಗಾಲಿಟ್ಟು ಮೇರಿಯಮ್ಮನ ಹೊಸ್ತಿಲು ದಾಟಬೇಕು. ಅದು ತೀರದೆ ಶಾಲೆಗೆ ಕಳಿಸಕೂಡದೆಂದು ಅವರ ಹಟ. ಶಾಲೆ ಸೋಮವಾರವೇ ಶುರು.

ಮೂವರೂ ಬಾಗಿಲಿಗೆ ಬಂದರೆ ಹೊಸ್ತಿಲೇ ಇಲ್ಲ. ಕಲ್ಲನ್ನು ಯಾರೋ ಕಿತ್ತೊಯ್ದಿದ್ದರು.

“ಅಯ್ಯ ಶಿವನ, ಯಾವನು ತನ್ನ ಮನಿ ಜಗಲಿಗಿ ಹಾಕ್ಕೊಂಡಾನೋ!” ನೀಲಗಂಗಮ್ಮ ಕೂತುಬಿಟ್ಟರು. “ಹೊಸ್ತಿಲಿಲ್ಲದ ಮ್ಯಾಲೆ ಹರಕಿ ಹೆಂಗ ತೀರತೈತಿ? ನಡಿ, ಸಾಲಿ ಬರೋ ವರ್ಷ ನೋಡಿದ್ರಾತು.”

“ಅತ್ತಿ, ನಿಮ್ಮ ವಿಭೂತಿ ಗಟ್ಟಿ ಕೊಡ್ರಿ.”

“ಅದ್ಯಾಕ?”

“ಕೊಡ್ರಿ ಅಂದೆ.”

ಸುಕನ್ಯಾ ಅಂಗೈಯಿಂದ ಮಣ್ಣು ಸವರಿ, ಗೋಡೆಯಿಂದ ಗೋಡೆಗೆ ಮೂರು ಬಿಳಿ ಗೆರೆ ಎಳೆದಳು. ದಿನಾ ಬೆಳಗ್ಗೆ ಮನೆಯ ಹೊಸ್ತಿಲಿಗೆ ಎಳೆಯುವ ಕೈ, ಎಲ್ಲೂ ಸೊಟ್ಟಗಾಗಲಿಲ್ಲ.

“ಲೇ, ಮೇರಿಯಮ್ಮಗ ವಿಭೂತೀನ? ಆಕಿ ಏನಂದಾಳು!”

“ಲಿಂಗ ಕಟ್ಟಿದ ನಿಮ್ಮ ಹರಕಿ ಕೇಳಿದಾಕಿ, ಇಷ್ಟಕ್ಕ ಮುನಿಸ್ಕೊಂತಾಳೇನ್ರಿ?”

ನೀಲಗಂಗಮ್ಮ ಮೊಮ್ಮಗಳ ಕಡೆ ತಿರುಗಿದರು. “ಬಲಗಾಲು ಮತ್ತ! ಗೆರಿ ತುಳೀಬಾರದು,” ಎಂದರು.

ಸುಕನ್ಯಾ ಗೆರೆಯ ಆಚೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಕೈ ಚಾಚಬೇಕೆನಿಸಿತು, ಎರಡೂ ಕೈಯನ್ನು ಮಡಿಲಲ್ಲಿ ಅದುಮಿಟ್ಟುಕೊಂಡಳು.

“ಬಾ ಚಿನ್ನ. ನಿನಗ ಬರತೈತಿ.”

ಸಂಗೀತಾ ಬಲಗಾಲೆತ್ತಿದಳು, ಇಳಿಸಿದಳು. ಮತ್ತೆ ಎತ್ತಿ, ಮತ್ತೆ ಇಳಿಸಿದಳು. ಆಮೇಲೆ ತುಟಿ ಕಚ್ಚಿ, ತೋಳು ಬೀಸಿ, ಎರಡೂ ಕಾಲು ಕೂಡಿಸಿ ಒಮ್ಮೆಲೇ ಜಿಗಿದಳು. ಧೂಳೆದ್ದಿತು. ಬೀಳದೆ ನಿಂತ ತನ್ನ ಪಾದಗಳನ್ನು ತಾನೇ ಬೆರಗಾಗಿ ನೋಡಿಕೊಂಡಳು.

ನೀಲಗಂಗಮ್ಮ ಬಗ್ಗಿ ಗೆರೆ ಪರೀಕ್ಷಿಸಿದರು. ಒಂದಿಷ್ಟೂ ಅಳಿಸಿರಲಿಲ್ಲ.

“ಎರಡೂ ಕೂಡೇ ಬಂದ್ವಲ್ಲೇ!”

“ಅದರಾಗ ಬಲಗಾಲೂ ಐತಲ್ರಿ, ಅತ್ತಿ.”

ನೀಲಗಂಗಮ್ಮ ಬಗ್ಗಿದ ನಡು ನೆಟ್ಟಗೆ ಮಾಡಿಕೊಂಡರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, “ಸೋಮವಾರ ಸಾಲಿಗಿ ನಾನ ಬಿಟ್ಟು ಬರ್ತೀನಿ,” ಎಂದರು. “ಅಲ್ಲಿ ಮಾತ್ರ ಹಿಂಗ ಜಿಗೀಬ್ಯಾಡವ್ವಾ.”

ಕೇಳಿಸಿಕೊಳ್ಳಲು ಸಂಗೀತಾ ಅಲ್ಲಿರಲಿಲ್ಲ. ಸೀತಾಫಲದ ಗಿಡದವರೆಗೂ ಜಿಗಿಯುತ್ತಲೇ ಹೋಗಿದ್ದಳು.