ಒಂದೇ ಗುರುತು ಹಾಕಿ

ಟ್ರೆಂಟ್ ಬಂದಾಗ ನನ್ನ ಗಂಡ ಐನಾರ್ ಹಿತ್ತಲಿನಲ್ಲಿ ಸಾಲ್ಮನ್ ಮೀನಿಗೆ ಹೊಗೆ ಹಾಕುತ್ತಿದ್ದ. ರಾಜಧಾನಿ ಜುನೋದಲ್ಲಿರುವ ಪಕ್ಷದ ಕಚೇರಿಯಿಂದ, ನೀರಿನ ಮೇಲಿಳಿಯುವ ಪುಟ್ಟ ವಿಮಾನ ಹಿಡಿದು ನಮ್ಮ ಹಾಲ್ವಿಕ್‌ಗೆ ಬರುವಷ್ಟು ಪ್ರೀತಿ ಈ ಮನುಷ್ಯನಿಗೆ ಹಿಂದೆಂದೂ ಉಕ್ಕಿರಲಿಲ್ಲ. ಏನೋ ಕಿತ್ತುಕೊಳ್ಳಲು ಬಂದಿದ್ದಾನೆ ಅಂದುಕೊಂಡೆ.

"ಐನಾರ್, ಈ ಚುನಾವಣೆಯಿಂದ ನೀವು ಹಿಂದೆ ಸರೀಬೇಕು," ಅಂದ. ಕೂತುಕೊಳ್ಳಲೂ ಇಲ್ಲ.

ರಾಜ್ಯ ಶಾಸನಸಭೆಯ ನಮ್ಮ ಕ್ಷೇತ್ರಕ್ಕೆ ಆಗಸ್ಟಿನ ಪ್ರೈಮರಿ, ಅಂದರೆ ಮೊದಲ ಸುತ್ತಿನ ಮತದಾನ, ಆಗಷ್ಟೇ ಮುಗಿದಿತ್ತು. ಎಲ್ಲ ಪಕ್ಷದವರ ಹೆಸರೂ ಒಂದೇ ಮತಚೀಟಿಯಲ್ಲಿ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಹಾಕಬಹುದು. ಎದುರು ಪಕ್ಷದ ಮರ್ಸರ್ ಮೊದಲನೆಯವನಾಗಿ ಬಂದಿದ್ದ. ನಮ್ಮ ಪಕ್ಷದ ಇಬ್ಬರಲ್ಲಿ ಕೋಲ್ಟನ್ ಪಟ್ಟಣದ ಕ್ಲಾಡಿಯಾ ಎರಡನೆಯವಳು, ಐನಾರ್ ಮೂರನೆಯವನು. ನವೆಂಬರಿನ ಕಣಕ್ಕೆ ಮೂವರೂ ಹೋಗುವವರೇ. ಅಲ್ಲಿ ಮತದಾರರು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಗುರುತು ಹಾಕಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವನು ಕಣದಿಂದ ಹೊರಗೆ. ಅವನ ಮತಗಳು ಆಯಾ ಚೀಟಿಯ ಎರಡನೆಯ ಹೆಸರಿಗೆ ಹೋಗುತ್ತವೆ.

"ಮತ್ತೆ ಎರಡನೆ ಗುರುತು ಅಂತ ಇರೋದ್ಯಾಕಪ್ಪ?" ಐನಾರ್ ಕೇಳಿದ. "ನಾನು ಬಿದ್ರೆ ನನ್ನ ಓಟು ಕ್ಲಾಡಿಯಾಗೆ ಹೋಗುತ್ತೆ. ನಾನಿದ್ರೆ ನಿಮಗೇನು ನಷ್ಟ?"

"ಹೋಗಲ್ಲ. ನಮ್ಮೋರು ಎರಡನೆ ಗುರುತು ಹಾಕೋದೇ ಇಲ್ಲ. ಒಂದು ಹಾಕಿ ಮನೆಗೆ ಹೋಗ್ತಾರೆ."

"ಅದನ್ನ ಅವ್ರಿಗೆ ಕಲಿಸಿದ್ಯಾರು?" ಎಂದು ನಾನು ಬಾಯಿ ಹಾಕಿದೆ.

ಟ್ರೆಂಟ್ ಮೀನು ನೋಡತೊಡಗಿದ.

ಕಲಿಸಿದ್ದು ಪಕ್ಷವೇ. ಎರಡು ವರ್ಷದ ಹಿಂದೆ ಈ ಪದ್ಧತಿ ಬಂದಾಗ ಪಕ್ಷದ ದೊಡ್ಡವರ ಮೈಯೆಲ್ಲ ಉರಿದುಹೋಗಿತ್ತು. ಅಲ್ಲಿಯವರೆಗೆ ನಮ್ಮ ಅಭ್ಯರ್ಥಿಯನ್ನು ನಾವೇ ಆರಿಸುತ್ತಿದ್ದೆವು. ಈಗ ದಾರಿಹೋಕರೆಲ್ಲ ನಮ್ಮ ಅಡುಗೆಗೆ ಉಪ್ಪು ಹಾಕುತ್ತಾರೆ ಎಂದು ಕೂಗಾಡಿದರು. "ಒಂದೇ ಗುರುತು ಹಾಕಿ, ಎರಡನೆಯದು ಮೋಸ" ಎಂದು ಕರಪತ್ರ ಹೊಡೆಸಿ ಊರೂರಿಗೆ ಕಳಿಸಿದರು. ಹಾಲ್ವಿಕ್‌ನಲ್ಲಿ ಅದನ್ನು ಮನೆಮನೆಗೆ ಹೊತ್ತವನು ನನ್ನ ಗಂಡ. ಸುಮ್ಮನೆ ಹಂಚಿದ್ದಲ್ಲ, ನಂಬಿ ಹಂಚಿದ್ದ. ಊರವರು ಕರಪತ್ರ ಓದಲಿಲ್ಲ. ಐನಾರ್ ಹೇಳಿದ ಅಂತ ಒಪ್ಪಿದರು.

ಅವನು ಚುನಾವಣೆಗೆ ನಿಂತಿದ್ದು ಒಂದೇ ಕಾರಣಕ್ಕೆ. ಚಳಿಗಾಲದಲ್ಲಿ ಸರ್ಕಾರಿ ಹಡಗು ಹಾಲ್ವಿಕ್‌ನಲ್ಲಿ ನಿಲ್ಲದಂತೆ ಮಾಡುವ ಮಾತು ಎದ್ದಿತ್ತು. ನಮ್ಮೂರಿಗೆ ರಸ್ತೆಯಿಲ್ಲ. ಮಂಜು ಕವಿದರೆ ವಿಮಾನ ಬರುವುದಿಲ್ಲ, ಬಂದರೂ ಅದರ ದರ ನಮ್ಮಂಥವರ ಕೈಗೆಟುಕುವುದಿಲ್ಲ. ಐನಾರನ ಸೋದರತ್ತೆ ಸೋಲ್ವೆಗ್ ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಕೋಲ್ಟನ್‌ಗೆ ಹೋಗುವುದು ಆ ಹಡಗಿನಲ್ಲೇ. ಅದು ತಪ್ಪಿದರೆ ಅವಳ ಕಣ್ಣು ಹೋದಂತೆಯೇ.

"ಆಯ್ತು," ಅಂದ ಐನಾರ್ ಕೊನೆಗೆ. "ಕಲಿಸಿದೋನು ನಾನು. ಮರೆಸೋನೂ ನಾನೇ. ಕಣದಲ್ಲಿ ಇರ್ತೀನಿ, ಮೊದಲು ನಾನು, ಎರಡನೆದು ಕ್ಲಾಡಿಯಾ ಅಂತ ಪ್ರತಿ ಮನೆಗೂ ಹೋಗಿ ಹೇಳ್ತೀನಿ."

ಟ್ರೆಂಟ್ ಹಾಗಾದರೂ ಆಗಲಿ ಎಂದು ಕೈ ಕುಲುಕಿದ. ಹೋಗುವಾಗ ಮೀನು ಕಟ್ಟಿಸಿಕೊಂಡು ಹೋದ.

"ಸಣ್ಣ ಊರಿನ ಹಡಗು ದಂಡದ ಖರ್ಚು ಅಂದೋಳು ಅವಳು. ಅವಳ ಹೆಸರು ಹೇಳ್ಕೊಂಡು ಬಾಗಿಲು ತಟ್ತೀಯಾ?" ಎಂದು ನಾನು ಹರಿಹಾಯ್ದೆ.

"ಪಕ್ಷದೋಳು ಕಣೆ, ಮಾರಿಟ್. ಮರ್ಸರ್ ಗೆದ್ರೆ ಐನಾರ್‌ನಿಂದ ಹಾಳಾಯ್ತು ಅಂತಾರೆ. ಆಮೇಲೆ ಹಡಗಿನ ವಿಷಯಕ್ಕೆ ನನ್ನ ಮಾತು ಯಾರು ಕೇಳ್ತಾರೆ?"

ಸೆಪ್ಟೆಂಬರಿನಿಂದ ಬಾಗಿಲು ತಟ್ಟುವ ಕೆಲಸ ಶುರುವಾಯಿತು. ನಾನೂ ಜೊತೆಗೆ ಹೋದೆ, ಅವನೊಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ. ಮೊದಲ ಮನೆಯಲ್ಲೇ, ದೋಣಿ ರಿಪೇರಿಯ ಗುನ್ನಾರ್ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಅವತ್ತು ಎರಡನೆ ಗುರುತು ಮೋಸ ಅಂದೆ. ಇವತ್ತು ಹಾಕು ಅಂತೀಯ. ಯಾವತ್ತು ಸುಳ್ಳು ಹೇಳ್ದೆ ಮಾರಾಯ?"

"ಅವತ್ತು ಹಾಗೇ ನಂಬಿದ್ದೆ ಕಣೋ."

"ಇವತ್ತು?"

ಐನಾರ್ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಗುನ್ನಾರ್ ನಕ್ಕು ಬಾಗಿಲು ಹಾಕಿಕೊಂಡ. ಪಕ್ಷ ಮಾತು ಬದಲಿಸಿತು, ನಾಲಿಗೆ ಮಾತ್ರ ನನ್ನ ಗಂಡನದಾಯಿತು.

ಇನ್ನೊಂದು ಕಷ್ಟವಿತ್ತು. ನಮ್ಮೂರಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದಿರಲಿ, ತನಗೆ ಬೇಕೆಂದು ಕೇಳುವುದೂ ನಾಚಿಕೆಗೇಡು. ಐನಾರ್ ಅದರಲ್ಲೇ ಬೆಳೆದವನು. "ಮೊದಲನೇದು ನಂಗೆ" ಎನ್ನುವಾಗ ನೆಲ ನೋಡಿಕೊಂಡು ಗೊಣಗುತ್ತಿದ್ದ. ಕ್ಲಾಡಿಯಾ ಹೆಸರು ಬಂದಾಗ ಮಾತ್ರ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಕೊಟ್ಟ ಮಾತಲ್ಲವೇ.

ಸೋಲ್ವೆಗ್ ಅತ್ತೆಯ ಮನೆಯಲ್ಲೂ ಹಾಗೇ ಆಯಿತು. ಅವಳು ಕಾಫಿ, ಆಲೂಗಡ್ಡೆ ರೊಟ್ಟಿ, ಬೆಣ್ಣೆ ಎಲ್ಲ ಮುಂದಿಟ್ಟು ಕೈ ಕಟ್ಟಿ ಕೇಳಿಸಿಕೊಂಡಳು.

"ನಿನ್ನ ಹೆಸರು ಗಟ್ಟಿಯಾಗಿ ಹೇಳೋ," ಎಂದು ನಾನು ಮೊಣಕೈಯಲ್ಲಿ ತಿವಿದೆ.

"ಅತ್ತೆಗೆ ಅದನ್ನೂ ಹೇಳ್ಬೇಕೇನೆ?" ಎಂದು ಅವನು ಕೆಂಪಾದ.

"ನಂಗೆಲ್ಲ ಅರ್ಥವಾಗುತ್ತೆ. ರೊಟ್ಟಿ ತಿನ್ನು," ಅಂದಳು ಅತ್ತೆ.

ನವೆಂಬರಿನಲ್ಲಿ ಮತದಾನವಾಯಿತು. ಅಂಚೆಯ ಚೀಟಿಗಳೆಲ್ಲ ಎಣಿಕೆಗೆ ಬಂದು ಫಲಿತಾಂಶ ಗೊತ್ತಾಗುವ ಹೊತ್ತಿಗೆ ಮೊದಲ ಹಿಮ ಬಿದ್ದಾಗಿತ್ತು. ಕ್ಲಾಡಿಯಾ ಗೆದ್ದಿದ್ದಳು. ಮೊದಲ ಎಣಿಕೆಯಲ್ಲೇ ಅರ್ಧ ದಾಟಿದ್ದಳು. ಯಾರ ಎರಡನೆಯ ಗುರುತೂ ಅವಳಿಗೆ ಬೇಕಾಗಲಿಲ್ಲ. ಐನಾರ್‌ಗೆ ಹಾಲ್ವಿಕ್‌ನಲ್ಲಿ ಆಗಸ್ಟಿನಲ್ಲಿ ಬಂದದ್ದರ ಅರ್ಧವೂ ಬಂದಿರಲಿಲ್ಲ. ಉಳಿದದ್ದೆಲ್ಲ ಅವಳಿಗೆ ಹೋಗಿತ್ತು.

ಟ್ರೆಂಟ್ ಫೋನ್ ಮಾಡಿದ. "ದೊಡ್ಡ ಮನಸ್ಸು ನಿಮ್ಮದು, ಐನಾರ್. ಪಕ್ಷ ಇದನ್ನ ಮರೆಯಲ್ಲ. ಈ ಎರಡನೆ ಗುರುತಿನ ಪದ್ಧತಿನೇ ತೆಗೆಸೋಕೆ ಸಹಿ ಸಂಗ್ರಹ ಶುರು ಮಾಡ್ತಿದೀವಿ. ನಿಮ್ಮೂರಲ್ಲಿ ನೀವೇ ಓಡಾಡ್ಬೇಕು. ಜನ ನಿಮ್ಮ ಮಾತು ಕೇಳ್ತಾರೆ."

ಐನಾರ್ ಫೋನ್ ಇಟ್ಟ. ನಾನಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ.

ಊರಿಗೇ ನಾನು ಬೇಡವಾದೆ ಎಂದು ಅವನು ಒಳಗೊಳಗೇ ಕುಸಿದಿದ್ದ. ಮನೆಯಲ್ಲಿ ಕೂತರೆ ಇನ್ನೂ ಹಾಳು ಎಂದು ಅತ್ತೆಯ ಮನೆಗೆ ಎಳೆದುಕೊಂಡು ಹೋದೆ. ಅವಳೋ ಹಬ್ಬದ ಮುಖ ಮಾಡಿಕೊಂಡು ಬಾಗಿಲು ತೆಗೆದಳು.

"ಗೆದ್ಲಲ್ಲೋ ನಿನ್ನ ಕ್ಲಾಡಿಯಾ! ಒಂದೇ ಗುರುತು ಹಾಕು ಅಂತ ಮೊದಲು ನೀನು ಹೇಳಿದ್ದೆ. ಕ್ಲಾಡಿಯಾಗೆ ಹಾಕು ಅಂತ ಆಮೇಲೆ ಹೇಳಿದೆ. ನಿನ್ನ ಎರಡು ಮಾತೂ ಉಳಿಸ್ದೆ ನೋಡು. ಒಂದೇ ಗುರುತು, ಅವಳಿಗೇ ಹಾಕ್ದೆ. ಗುನ್ನಾರ್ ಮನೇಲೂ ಹಂಗೇ ಮಾಡಿದ್ರಂತೆ. ಪಾಪ, ತನಗೋಸ್ಕರ ಒಂದು ಮಾತು ಕೇಳದೋನು ಅವಳಿಗೋಸ್ಕರ ಇಷ್ಟು ಬೇಡ್ಕೊಂಡ, ಇಲ್ಲ ಅನ್ನೋದು ಹೆಂಗೆ ಅಂದ್ಕೊಂಡ್ವಿ."

ಊರವರು ಮಾಡಿದ್ದು ಅವಮಾನವಲ್ಲ, ಪ್ರೀತಿ. ಅದು ಗೊತ್ತಾಗಿ ನನಗೆ ಅಳುವೇ ಬಂತು.

ಅಡುಗೆಮನೆಯ ರೇಡಿಯೋದಲ್ಲಿ ಕ್ಲಾಡಿಯಾ ಮಾತಾಡುತ್ತಿದ್ದಳು. ಮತದಾರರಿಗೆ ವಂದನೆ ಹೇಳಿದಳು. ದುಂದುವೆಚ್ಚ ನಿಲ್ಲಿಸುವುದೇ ಮೊದಲ ಕೆಲಸ, ಈ ಚಳಿಗಾಲದಿಂದಲೇ ಹಡಗು ಸಣ್ಣ ನಿಲ್ದಾಣಗಳಿಗೆ ಹೋಗದಂತೆ ಮಾಡಲು ಒತ್ತಾಯಿಸುವೆ ಎಂದಳು.

ಕಾಫಿ ಬಗ್ಗಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಸಣ್ಣ ನಿಲ್ದಾಣ ಅಂದ್ರೆ ಯಾವ್ದೋ?"

"ನಮ್ದು, ಅತ್ತೆ," ಅಂದ ಐನಾರ್.

ಅವಳು ಕೆಟಲನ್ನು ಒಲೆಯ ಮೇಲಿಟ್ಟು, ಮಂಜಾದ ಕಣ್ಣನ್ನು ಕಿರಿದು ಮಾಡಿ ಅವನ ಮುಖವನ್ನೇ ಹುಡುಕಿದಳು.

"ಮತ್ತೆ ಅವಳಿಗೆ ಹಾಕು ಅಂತ ಯಾಕಪ್ಪ ಹೇಳ್ದೆ?"