ಮೂರನೇ ನರಿಯ ಮಧ್ಯಾಹ್ನ

ನನ್ನ ಪಿಎಚ್‌ಡಿ ಪ್ರಬಂಧದ ನಾಲ್ಕನೇ ಅಧ್ಯಾಯ ಹೇಳುತ್ತಿದ್ದುದು ಇಷ್ಟೇ: ನರಿಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ ಗುಡ್ಡ ಬಿಟ್ಟು ಎಲ್ಲಿಗೋ ಹೋಗುತ್ತವೆ. ಗುಡ್ಡದ ತುದಿಯಲ್ಲಿ ಕಂಬಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆಯೊಳಗೆ ಒಂದು ರಿಸೀವರ್ ಇತ್ತು. ಐದು ನರಿಗಳ ರೇಡಿಯೋ ಕಾಲರುಗಳಿಂದ ಬರುವ ಮಿಡಿತವನ್ನು ಅದು ದಾಖಲಿಸುತ್ತಿತ್ತು. ಬೇಸಿಗೆಯ ಏಳು ವಾರವೂ ಆ ಮೂರೂವರೆ ಗಂಟೆ ದಾಖಲೆ ಖಾಲಿ. ಆ ಮೌನದ ಬಗ್ಗೆ ಮೂವತ್ತೆರಡು ಪುಟ ಬರೆದಿದ್ದೆ. ಗೈಡ್ ಮೇಡಂಗೆ ತುಂಬಾ ಹಿಡಿಸಿತ್ತು. ಸೋಮವಾರ ವಿಭಾಗದ ಎಲ್ಲರೆದುರು ಮಂಡಿಸಬೇಕಿತ್ತು.

ಶುಕ್ರವಾರ ದಾಖಲೆ ನೋಡಿದರೆ ಮೂರನೇ ನರಿಯ ಕಾಲರ್ ಬೇಗ ಬೇಗ ಮಿಡಿಯುತ್ತಿತ್ತು. ಒಂದು ದಿನ ಪೂರ್ತಿ ಅಲುಗಾಡದಿದ್ದರೆ ಕಾಲರ್ ಹಾಗೆ ಮಿಡಿಯುತ್ತದೆ; ಅಂದರೆ ನರಿ ಸತ್ತಿದೆ. ಸತ್ತು ಒಂಬತ್ತು ದಿನವಾಗಿತ್ತು. ದಾಖಲೆಯ ಪ್ರಕಾರ ಆ ಒಂಬತ್ತು ದಿನವೂ ಸತ್ತ ನರಿ ಹನ್ನೆರಡೂವರೆಗೆ ಗುಡ್ಡ ಬಿಟ್ಟು ನಾಲ್ಕಕ್ಕೆ ವಾಪಸ್ಸು ಬಂದಿತ್ತು.



ಅಕ್ಕನ ಗಂಡ ಫ್ರಿಡ್ಜ್ ರಿಪೇರಿ ಮಾಡುವವರು. ಶನಿವಾರ ಅವರ ವ್ಯಾನಿನಲ್ಲಿ ಗುಡ್ಡಕ್ಕೆ ಹೋಗುವಾಗ ವಿಷಯ ಹೇಳಿದೆ.

“ಸತ್ತ ಮೇಲೂ ಮಧ್ಯಾಹ್ನದ ನಿದ್ದೆ ಬಿಟ್ಟಿಲ್ಲ ಅನ್ನು. ಥೇಟ್ ನಿಮ್ಮಕ್ಕ,” ಎಂದರು ಭಾವ.



ತಲುಪಿದಾಗ ಒಂದು ಗಂಟೆ. ಅಷ್ಟು ಬಿಸಿಲಿನಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ದಾಖಲೆ ತರಲು ಯಾವಾಗಲೂ ಬೆಳಗಿನ ತಂಪಿನಲ್ಲಿ ಹೋಗುತ್ತಿದ್ದೆ. ಭಾವ ಪೆಟ್ಟಿಗೆಯನ್ನು ಮುಟ್ಟಿ ತಟ್ಟನೆ ಕೈ ತೆಗೆದರು.

“ಈ ಕಡು ಹಸಿರು ಬಳಿದಿದ್ದು ಯಾರು?”

“ನಾನೇ. ಕಳ್ಳರ ಕಣ್ಣಿಗೆ ಬೀಳಬಾರದು ಅಂತ.”

“ತೂತಿಗೆಲ್ಲ ಅಂಟು ಮೆತ್ತಿದ್ದು?”

“ನಾನೇ ಭಾವ. ಇರುವೆ ನುಗ್ತಾ ಇತ್ತು.”

“ಬ್ಯಾಟರಿನೂ ಒಳಗೇ ಕೂರಿಸಿದೀಯ. ಡಾಕ್ಟ್ರಮ್ಮ, ಇದಕ್ಕೆ ಒಲೆ ಅಂತಾರೆ.”

ಬಟ್ಟೆ ಸುತ್ತಿಕೊಂಡು ಬಾಗಿಲು ತೆಗೆದರು. ರಿಸೀವರಿನ ದೀಪ ಆರಿತ್ತು.

“ಕಾದರೆ ತಾನೇ ಆಫ್ ಆಗುತ್ತೆ, ತಣ್ಣಗಾದರೆ ತಾನೇ ಆನ್ ಆಗುತ್ತೆ. ಅದರ ತಪ್ಪೇನಿಲ್ಲ ಪಾಪ. ಫ್ರಿಡ್ಜ್ ಹಿಂದೆ ಗಾಳಿಗೆ ಜಾಗ ಬಿಡಿ ಅಂತ ಊರೆಲ್ಲ ಬಾಯಿ ಬಡ್ಕೋತೀನಿ. ನಮ್ಮನೆಯವರೇ ಹೀಗೆ.”

ಸಂಜೆಯವರೆಗೆ ಕೆಲಸ ಮಾಡಿದೆವು. ಅಂಟು ಕಿತ್ತು ತೂತುಗಳಿಗೆ ಸಣ್ಣ ಜಾಲರಿ ಹಾಕಿದೆವು. ಬ್ಯಾಟರಿ ಬೇರೆ ಡಬ್ಬಿಗೆ ಹೋಯಿತು. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು, ಮೇಲೆ ನಾಲ್ಕು ಬೆರಳು ಅಂತರ ಬಿಟ್ಟು ನೆರಳಿಗೊಂದು ತಗಡು ಕಟ್ಟಿದೆವು. ಮೂರನೇ ನರಿ ಕೆಳಗಿನ ಹಳ್ಳದ ಪೊದೆಯಲ್ಲಿತ್ತು. ಮಧ್ಯಾಹ್ನವೂ ಕೇಳಿಸುತ್ತದೆಯೇ ಎಂಬ ಪರೀಕ್ಷೆಗೆಂದು ಅದರ ಕಾಲರನ್ನು ಅಲ್ಲೇ ಬಿಟ್ಟೆ.

ಭಾವ ಕೈ ಒರೆಸಿಕೊಳ್ಳುತ್ತಾ, “ಸೋಮವಾರದ ಕಥೆ ಏನು? ನಾನಂತೂ ಬಾಯಿ ಬಿಡಲ್ಲ,” ಎಂದರು. 

ಭಾನುವಾರ ಮಧ್ಯಾಹ್ನ ಒಬ್ಬಳೇ ಹೋಗಿ ಕಂಬದ ಪಕ್ಕ ಕೂತೆ. ಹನ್ನೆರಡೂವರೆಯಾಯಿತು. ಒಂದಾಯಿತು. ದೀಪ ಉರಿಯುತ್ತಲೇ ಇತ್ತು. ಒಂದೊಂದಾಗಿ ಎಲ್ಲ ಕಾಲರುಗಳೂ ಕೇಳಿಸಿದವು. ಎರಡನೇ ನರಿಯಂತೂ ತೀರ ಹತ್ತಿರ ಎಲ್ಲೋ ಓಡಾಡುತ್ತಿತ್ತು. ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

  

“ಈಗ ಎಷ್ಟು ಕೇಳ್ತಿವೆ?” ಎಂದರು ಮೇಡಂ.

“ಐದೂ, ಮೇಡಂ.”

“ಸತ್ತಿದ್ದೂ ಸೇರಿ?”

“ಹೌದು.”

“ನಾಳೆ ಒಂಬತ್ತಕ್ಕೆ ಬಾ. ಇದನ್ನೇ ಹೇಳು. ಆ ಮೂವತ್ತೆರಡು ಪುಟ ತರಬೇಡ.”

ನಾಲ್ಕರವರೆಗೂ ಅಲ್ಲೇ ಕೂತಿದ್ದೆ. ಯಾವ ನರಿಯೂ ಎಲ್ಲಿಗೂ ಹೋಗಲಿಲ್ಲ.