ಮೇಲೆ ಹತ್ತಿದ ನೋವು

ನನ್ನ ಮಗಳು ಅಮಿಟೊಳ ಬಲ ಮಂಡಿ ಊದಿಕೊಂಡಾಗ ಅತ್ತೆಗೆ ಯಾವ ಸಂಶಯವೂ ಬರಲಿಲ್ಲ. ಶಾಲೆಯಲ್ಲಿ ಕುಣಿತದ ಅಭ್ಯಾಸ ನಡೆದಿತ್ತು. ಹುಡುಗಿ ಕಾಲು ಉಳುಕಿಸಿಕೊಂಡಿದ್ದಾಳೆ, ಅಷ್ಟೇ. ಶಿಯಾ ಬೀಜದ ಎಣ್ಣೆ ಬಿಸಿ ಮಾಡಿ ತೊಡೆಯಿಂದ ಪಾದದ ಕಡೆಗೆ ನೀವಿದರು. ನಮ್ಮ ಮನೆಯ ಹಿರಿಯರು ಹೀಗೆಯೇ ನೋವನ್ನು ಕೆಳಗಿಳಿಸಿ, ಬೆರಳ ತುದಿಯಿಂದ ಹೊರಗಟ್ಟುವುದು.

ಬೆಳಿಗ್ಗೆ ಮಂಡಿ ಸರಿಹೋಗಿತ್ತು. ಎಡ ಪಾದದ ಕೀಲು ಊದಿತ್ತು.

"ನೋಡಿದ್ಯಾ? ಇಳೀತಾ ಇದೆ," ಎಂದರು ಅತ್ತೆ.

"ಬಲಗಾಲಿಂದ ಎಡಗಾಲಿಗೆ ಹೆಂಗೆ ಇಳಿಯುತ್ತೆ ಅತ್ತೆ?"

"ಕಾಲು ನೀವೋದನ್ನೂ ನಿನ್ನ ಕಾಲೇಜಲ್ಲಿ ಹೇಳಿಕೊಟ್ರಾ? ಹೋಗು, ಗಂಜಿ ಕಾಯಿಸು."

ರಾಗಿ ಗಂಜಿ ಕಾಯಿಸಿದೆ. ಕಣ್ಣು ಮಾತ್ರ ಮಗಳ ಮೇಲೇ ಇತ್ತು. ಕೆಲವು ವಾರಗಳ ಹಿಂದೆ ಅವಳಿಗೆ ಗಂಟಲು ನೋವು ಬಂದು ತಾನಾಗಿಯೇ ಹೋಗಿತ್ತು. ಗಂಟಲಿನಲ್ಲಿ ಶುರುವಾಗಿ, ಕೀಲಿನಿಂದ ಕೀಲಿಗೆ ಅಲೆದು, ಹೃದಯವನ್ನು ಹಿಡಿಯುವ ಕಾಯಿಲೆಯೊಂದಿದೆ ಎಂದು ಓದಿದ ನೆನಪು. ಮಲಗಿದ್ದವಳ ಎದೆಯನ್ನೇ ನೋಡುತ್ತ ಕೂತೆ. ಬೇಗಬೇಗ ಏರಿಳಿಯುತ್ತಿದೆಯೇ, ನನ್ನ ಭಯಕ್ಕೆ ಹಾಗೆ ಕಾಣುತ್ತಿದೆಯೇ?

ಮಧ್ಯಾಹ್ನ ಅವಳು ಲೋಟ ಹಿಡಿಯಲಾರದೆ ಅತ್ತಳು. ಮೊಣಕೈ ಕೆಂಪಾಗಿ ಸುಡುತ್ತಿತ್ತು. ಎಣ್ಣೆ ಬಟ್ಟಲು ತಂದ ಅತ್ತೆ ಹಾಗೇ ನಿಂತುಬಿಟ್ಟರು.

"ಮೇಲೆ ಹತ್ತಿದೆ," ಎಂದರು ಮೆಲ್ಲಗೆ. ಅವರ ಕೈಗೆ ಸಿಕ್ಕ ಯಾವ ನೋವೂ ಮೇಲೆ ಹತ್ತಿರಲಿಲ್ಲ. "ಬಾಡಿಗೆ ಬೈಕಿನವನನ್ನ ಕರಿ. ನಾನೂ ಬರ್ತೀನಿ."

ಗುಲು ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಹೃದಯದ ಸ್ಕ್ಯಾನ್ ಮಾಡಿಸಿದರು.

"ಗಂಟಲಿನ ಸೋಂಕಿನ ಮೇಲೆ ಮೈ ಜಗಳಕ್ಕೆ ನಿಂತಿತ್ತು. ಸೋಂಕು ಹೋಯ್ತು, ಜಗಳ ನಿಂತಿಲ್ಲ. ಈ ಉರಿಯೂತ ಅದೇ. ಕೀಲುಗಳು ಸರಿಹೋಗ್ತವೆ. ಹೃದಯದ ಒಂದು ಕವಾಟಕ್ಕೂ ಸ್ವಲ್ಪ ತಾಗಿದೆ. ಮತ್ತೆ ಆ ಸೋಂಕು ಬರದಿದ್ರೆ ಅದೂ ಸುಧಾರಿಸಬಹುದು. ಅದಕ್ಕೇ ತಿಂಗಳಿಗೊಂದು ಇಂಜೆಕ್ಷನ್ ತಪ್ಪಿಸಬಾರದು."

"ಎಲ್ಲೀವರೆಗೆ?" ಅತ್ತೆ ಕೇಳಿದರು.

"ಇವಳಿಗೆ ಇಪ್ಪತ್ತು ವರ್ಷ ದಾಟಬೇಕು ಅಜ್ಜಿ."

ಅತ್ತೆ ಮೊಮ್ಮಗಳನ್ನು ಎಳೆದು ತಬ್ಬಿಕೊಂಡರು. ಸೂಜಿ ಚುಚ್ಚಿದಾಗ ಅವಳು ಅಜ್ಜಿಯ ಭುಜ ಕಚ್ಚಿದಳು.

"ಕಚ್ಚು, ಕಚ್ಚು. ಚಿಕ್ಕವನಿದ್ದಾಗ ನಿಮ್ಮಪ್ಪ ಕಚ್ತಿದ್ದುದಕ್ಕಿಂತ ನಿನ್ನ ಹಲ್ಲೇ ವಾಸಿ."

ಅವಳ ತಲೆಯ ಮೇಲಿಂದ ನನ್ನನ್ನು ನೋಡಿದರು.

"ಅಲ್ಲೀವರೆಗೆ ನಾನಿರಲ್ಲ. ಒಂದು ತಿಂಗಳೂ ಮರೀಬೇಡ ಕಣೆ."

ತಲೆಯಾಡಿಸಿದೆ. ಅಮಿಟೊಳಿಗೆ ಈಗ ಒಂಬತ್ತು ವರ್ಷ.